ಮಾಳಿಗೆಯಿಂದ ಇಳಿಸಿದ ಗೆಳೆಯ: ಕಾಲೇಜು ಆವರಣದ ಕ್ರೈಸ್ತ ಸೇವೆ ಮತ್ತು ಅದರ ನಂಬಿಕೆ



ಈ ದತ್ತಿ ಉಪನ್ಯಾಸಕ್ಕೆ ವಿಷಯ ನೀವೇ ಆರಿಸಿಕೊಳ್ಳಿ ಎಂದು ಸಂಘಟಕರು ಹೇಳಿದಾಗ ನನಗೆ ತಟ್ಟನೆ ನೆನಪಾದದ್ದು ಧಾರವಾಡದ ಒಂದು ಹಾಸ್ಟೆಲ್ ಕೋಣೆ. ಎರಡು ಕಬ್ಬಿಣದ ಮಂಚ, ಒಂದು ಟ್ರಂಕು, ಗೋಡೆಯ ಮೊಳೆಗೆ ತೂಗುಹಾಕಿದ ಒದ್ದೆ ಟವೆಲು. ಶುಕ್ರವಾರ ಸಂಜೆ, ಮೆಸ್ಸಿನ ಊಟಕ್ಕೆ ಇನ್ನೂ ಒಂದು ಗಂಟೆ ಇರುವಾಗ, ನಾವು ಆರು ಮಂದಿ ಅಲ್ಲಿ ಸೇರುತ್ತಿದ್ದೆವು. ಕಾಲೇಜುಗಳಲ್ಲಿ ಕೆಲಸ ಮಾಡುವ ಕ್ರೈಸ್ತ ವಿದ್ಯಾರ್ಥಿ ಸಂಘಗಳ ಬಗ್ಗೆ ನೀವು ಎಲ್ಲಿ ಏನನ್ನೇ ಓದಿರಿ, ಕೇಳಿರಿ, ಅವುಗಳ ನಿಜವಾದ ಗಾತ್ರ ಅಷ್ಟೇ. ಒಂದು ಕೋಣೆ, ಒಂದು ಪುಸ್ತಕ, ಐದಾರು ಮಂದಿ. ಇಂದಿನ ಮಾತನ್ನು ಆ ಕೋಣೆಯಿಂದಲೇ ಶುರು ಮಾಡುತ್ತೇನೆ.

ಆ ಶುಕ್ರವಾರ ಓದಲು ತೆಗೆದುಕೊಂಡದ್ದು ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯ. ಕಪೆರ್ನೌಮಿನ ಒಂದು ಮನೆಯಲ್ಲಿ ಯೇಸುಸ್ವಾಮಿ ಬೋಧಿಸುತ್ತಿದ್ದಾರೆ. ಬಾಗಿಲ ಬಳಿಯೂ ನಿಲ್ಲಲು ಜಾಗವಿಲ್ಲ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ. ಒಳಗೆ ಹೋಗಲು ದಾರಿ ಕಾಣದೆ ಮನೆಯ ಮೇಲೆ ಹತ್ತಿ, ಚಾವಣಿ ಕಿತ್ತು, ಹಾಸಿಗೆ ಸಮೇತ ಅವನನ್ನು ಕೆಳಗಿಳಿಸುತ್ತಾರೆ. ಅಧ್ಯಯನ ನಡೆಸುತ್ತಿದ್ದವನು ಬಿ.ಎಸ್ಸಿ. ಕೊನೆಯ ವರ್ಷದ ಮಂಗಳೂರಿನ ಹುಡುಗ, ಹಂಚಿನ ಮನೆಯಲ್ಲಿ ಬೆಳೆದವನು. ನಾಲ್ಕು ಹಂಚು ಸರಿಸಿ ಇಳಿಸಿರಬೇಕು ಎಂದ. ಲೂಕನೂ ಇದೇ ಕಥೆ ಹೇಳುವಾಗ ಹಂಚಿನ ಮಾತು ಎತ್ತುತ್ತಾನೆ, ಅದನ್ನೂ ತೋರಿಸಿದ.

ಪಕ್ಕದ ಕೋಣೆಯ ಗೆಳೆಯನೊಬ್ಬ ಅಂದು ನಮ್ಮ ಜೊತೆ ಕುಳಿತಿದ್ದ. ಬಾಗಲಕೋಟೆ ಕಡೆಯವನು, ಲಿಂಗಾಯತರ ಮನೆಯ ಹುಡುಗ. ಅವನು ನನ್ನ ಕನ್ನಡ ಸತ್ಯವೇದವನ್ನು ಎಳೆದುಕೊಂಡು ಆ ಸಾಲನ್ನು ಎರಡು ಸಲ ಓದಿದ. ಆಮೇಲೆ ಹೇಳಿದ: “ಇದು ಹಂಚಿನ ಮನಿ ಅಲ್ರೀ, ಇದು ನಮ್ಮೂರಿನ ಮಾಳಗಿ. ಇಲ್ಲಿ ಅಗದ್ರು ಅಂತ ಐತಿ. ಹಂಚ ಯಾರರ ಅಗೀತಾರೇನು?” ಮಾಳಿಗೆ ಹೇಗಿರುತ್ತದೆಂದು ಕೈಯಲ್ಲೇ ಕಟ್ಟಿ ತೋರಿಸಿದ. ಕೆಳಗೆ ತೊಲೆ, ಅದರ ಮೇಲೆ ಅಡ್ಡಡ್ಡ ಜಂತೆ, ಅದರ ಮೇಲೆ ಸಣ್ಣ ಕಟ್ಟಿಗೆ ಮತ್ತು ಸೊಪ್ಪು, ಎಲ್ಲದರ ಮೇಲೆ ಗೇಣುದ್ದ ಮಣ್ಣು. ಮಳೆಗಾಲಕ್ಕೆ ಮೊದಲು ಅಪ್ಪನ ಜೊತೆ ಹತ್ತಿ ಸವಳು ಮಣ್ಣು ಹಾಕಿ ತುಳಿದವನು ಅವನು. “ಮಣ್ಣ ತೆಗದ್ರ ಕೆಳಗ ಕುಂತವರ ತಲಿ ಮ್ಯಾಲ ಬೀಳತೈತಿ. ಯೇಸುಸ್ವಾಮಿ ತಲಿ ಮ್ಯಾಲೂ ಬಿದ್ದಿರಬೇಕು. ಆ ಮನಿಯವ್ರು ಸುಮ್ನ ಕುಂತ್ರೇನು? ಆಮ್ಯಾಲ ರಿಪೇರಿ ಯಾರು ಮಾಡಿಸಿದ್ರು?”

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಬಾಲ್ಯದಿಂದ ಭಾನುವಾರ ಶಾಲೆಯಲ್ಲಿ ಈ ಕಥೆ ಕೇಳಿದವರು ನಾವು. ಆ ಮಣ್ಣು ನಮ್ಮಲ್ಲಿ ಒಬ್ಬರಿಗೂ ಕಂಡಿರಲಿಲ್ಲ. ಮುಂದಿನ ಸಾಲಿನಲ್ಲಿ ಯೇಸುಸ್ವಾಮಿ ಆ ರೋಗಿಗೆ ಎದ್ದು ನಡೆ ಎಂದು ಹೇಳುವ ಮೊದಲು ಅವನ ಪಾಪಗಳು ಕ್ಷಮಿಸಲ್ಪಟ್ಟಿವೆ ಎನ್ನುತ್ತಾರೆ. ಗೆಳೆಯ ಅಲ್ಲಿಯೂ ನಿಂತ. ಕಾಲು ಬಾರದೆಂದು ಬಂದವನಿಗೆ ಪಾಪದ ಮಾತು ಆಡಿದರೆ ಅವನಿಗೆ ಸಿಟ್ಟು ಬಂದಿರಬೇಕಲ್ಲ ಎಂದು ಕೇಳಿದ. ಮಂಗಳೂರಿನ ಹುಡುಗ ಸ್ವಲ್ಪ ಹೊತ್ತು ಪುಟ ನೋಡಿ, “ನನಗೆ ಗೊತ್ತಿಲ್ಲ, ಇನ್ನೊಮ್ಮೆ ಓದೋಣ” ಎಂದ.

ಆ “ಗೊತ್ತಿಲ್ಲ, ಇನ್ನೊಮ್ಮೆ ಓದೋಣ” ಎಂಬ ಮಾತಿನ ಹಿಂದೆ ಇನ್ನೂರು ವರ್ಷಕ್ಕೂ ಮಿಕ್ಕಿದ ಒಂದು ಪರಂಪರೆ ಇದೆ. ಹತ್ತೊಂಬತ್ತು ವರ್ಷದ ಹುಡುಗನ ಕೈಗೆ, ಹುಡುಗಿಯ ಕೈಗೆ ದೇವರ ವಾಕ್ಯವನ್ನು ಕೊಟ್ಟು, ಓದುವುದನ್ನೂ ಅದಕ್ಕೆ ಉತ್ತರ ಕೊಡುವುದನ್ನೂ ಅವರಿಗೇ ಬಿಡಬಹುದು ಎಂಬ ಧೈರ್ಯ ಅದು. ಈ ಸೇವೆಯ ಮಿಕ್ಕೆಲ್ಲ ನಂಬಿಕೆಗಳು ನಿಂತಿರುವ ನೆಲವೂ ಅದೇ ಎಂದು ನಾನು ತಿಳಿದಿದ್ದೇನೆ. ಇಂದು ಹೇಳಬೇಕೆಂದು ಬಂದಿರುವುದು ಇದನ್ನೇ.

ಪರಂಪರೆಯ ಮೊದಲ ಹೆಸರು ಚಾರ್ಲ್ಸ್ ಸಿಮಿಯನ್. 1779ರ ಜನವರಿಯಲ್ಲಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ ಸೇರಿದ. ಬಟ್ಟೆಬರೆ, ಕುದುರೆಗಳಲ್ಲಿ ಮನಸ್ಸಿದ್ದ ಹುಡುಗ. ಸೇರಿದ ಕೆಲವೇ ದಿನಗಳಲ್ಲಿ ಕಾಲೇಜಿನಿಂದ ಆಜ್ಞೆ ಬಂತು, ಮೂರು ವಾರದಲ್ಲಿ ಕರ್ತನ ಭೋಜನದಲ್ಲಿ ಪಾಲ್ಗೊಳ್ಳಬೇಕು, ತಪ್ಪಿಸುವಂತಿಲ್ಲ. ಇತರರಿಗೆ ಅದು ಹಾಜರಿ ಹಾಕಿಬರುವ ಕೆಲಸ. ಇವನಿಗೆ ಮಾತ್ರ ಅದು ನಿದ್ದೆ ಕೆಡಿಸಿತು. ಯೋಗ್ಯತೆಯಿಲ್ಲದೆ ಆ ಮೇಜಿನ ಮುಂದೆ ಹೇಗೆ ನಿಲ್ಲಲಿ ಎಂದು ಸಿಕ್ಕ ಪುಸ್ತಕಗಳನ್ನೆಲ್ಲ ಓದಿದ, ಉಪವಾಸ ಮಾಡಿದ, ಕಾಯಿಲೆ ಬಿದ್ದ. ಈಸ್ಟರ್ ಹಿಂದಿನ ವಾರದಲ್ಲಿ ಒಂದು ಪುಸ್ತಕದಲ್ಲಿ ಯೆಹೂದ್ಯರ ಬಲಿಯ ವಿಷಯ ಓದುತ್ತಿದ್ದ. ತಮ್ಮ ಪಾಪವನ್ನು ಬಲಿಪಶುವಿನ ತಲೆಯ ಮೇಲೆ ಕೈಯಿಟ್ಟು ವರ್ಗಾಯಿಸುತ್ತಿದ್ದರು ಎಂಬ ವಿವರಣೆ ಅವನನ್ನು ಹಿಡಿದು ನಿಲ್ಲಿಸಿತು. ಹಾಗಾದರೆ ನನ್ನ ಪಾಪವನ್ನೂ ಕ್ರಿಸ್ತನ ಮೇಲೆ ಇಡಬಹುದು ಎಂದುಕೊಂಡ. ಏಪ್ರಿಲ್ 4, ಈಸ್ಟರ್ ಭಾನುವಾರ, ಅವನ ಮನಸ್ಸಿಗೆ ಸಮಾಧಾನ ಸಿಕ್ಕಿತು. ಆ ಹೊತ್ತಿಗೆ ಅವನಿಗೆ ದಾರಿ ತೋರಲು ಇಡೀ ವಿಶ್ವವಿದ್ಯಾಲಯದಲ್ಲಿ ಒಬ್ಬ ಗೆಳೆಯನೂ ಇರಲಿಲ್ಲ.

ಈ ಒಂಟಿತನವನ್ನು ಸಿಮಿಯನ್ ಸಾಯುವವರೆಗೂ ಮರೆಯಲಿಲ್ಲ. 1782ರಲ್ಲಿ ಹೋಲಿ ಟ್ರಿನಿಟಿ ಚರ್ಚಿನ ಪಾಲಕನಾದ. ಅವನು ಬರುವುದು ಸಭೆಯವರಿಗೆ ಬೇಕಿರಲಿಲ್ಲ, ತಮ್ಮ ತಮ್ಮ ಆಸನಗಳ ಬಾಗಿಲಿಗೆ ಬೀಗ ಹಾಕಿಕೊಂಡು ಹೋದರು. ಇವನು ಸ್ವಂತ ಖರ್ಚಿನಲ್ಲಿ ಬೆಂಚು ತಂದು ನಡುದಾರಿಯಲ್ಲಿ ಹಾಕಿಸಿದರೆ ಅವನ್ನೂ ಹೊರಗೆ ಎಸೆದರು. ಅವನು ಅಲ್ಲಿಂದ ಕದಲಲಿಲ್ಲ. 1836ರಲ್ಲಿ ತೀರಿಕೊಳ್ಳುವವರೆಗೆ ಐವತ್ತನಾಲ್ಕು ವರ್ಷ ಅದೇ ಚರ್ಚಿನಲ್ಲಿದ್ದ. ಆದರೆ ನನಗೆ ಅವನ ಪ್ರಸಂಗಪೀಠಕ್ಕಿಂತ ಅವನ ಚಹಾದ ಕುಡಿಕೆ ದೊಡ್ಡದಾಗಿ ಕಾಣುತ್ತದೆ. ಶುಕ್ರವಾರ ಸಂಜೆ ಅವನ ಕೋಣೆಗಳಿಗೆ ಯಾವ ವಿದ್ಯಾರ್ಥಿಯಾದರೂ ಬರಬಹುದಿತ್ತು, ಏನನ್ನಾದರೂ ಕೇಳಬಹುದಿತ್ತು. ಸಿಮಿಯನ್ ಎತ್ತರದ ಕುರ್ಚಿಯಲ್ಲಿ ಕುಳಿತು ಉತ್ತರ ಹೇಳುತ್ತಿದ್ದ, ಆಳುಗಳು ಚಹಾ ಹಂಚುತ್ತಿದ್ದರು. ವೆಜ್‌ವುಡ್ ಕಾರ್ಖಾನೆಯ ಆ ಕಪ್ಪು ಕುಡಿಕೆಯನ್ನು ಆ ಚರ್ಚಿನವರು ಇಂದಿಗೂ ಕಾಪಾಡಿಕೊಂಡಿದ್ದಾರೆ. ಧಾರವಾಡದ ನಮ್ಮ ಶುಕ್ರವಾರಕ್ಕೂ ಆ ಶುಕ್ರವಾರಕ್ಕೂ ನಂಟಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಆ ಬಳಗದಿಂದಲೇ ಹೆನ್ರಿ ಮಾರ್ಟಿನ್ ಬಂದ. 1801ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ, ಆಮೇಲೆ ಸಿಮಿಯನ್‌ಗೆ ಸಹಾಯಕ, 1806ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಚಾಪ್ಲಿನ್ ಆಗಿ ಕಲ್ಕತ್ತ. ಹೊಸ ಒಡಂಬಡಿಕೆಯನ್ನು ಉರ್ದುವಿಗೆ, ಪಾರ್ಸಿಗೆ ತಂದು, 1812ರಲ್ಲಿ ತುರ್ಕಿಯ ತೋಕಾತ್ ಎಂಬಲ್ಲಿ ಮೂವತ್ತೊಂದನೆಯ ವಯಸ್ಸಿಗೆ ತೀರಿಕೊಂಡ. ಗಣಿತದಲ್ಲಿ ಮೊದಲಿಗನಾದವನು ಕಾನ್ಪುರದಲ್ಲಿ ಭಿಕ್ಷುಕರಿಗೆ ಬೋಧಿಸುತ್ತಿದ್ದ ಎಂಬುದನ್ನು ನಾನು ನನ್ನ ತರಗತಿಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗಲೆಲ್ಲ ಗಂಟಲು ಕಟ್ಟುತ್ತದೆ.

ಮುಂದಿನ ಕಥೆ ವೇಗವಾಗಿ ಓಡುತ್ತದೆ. 1877ರಲ್ಲಿ ಕೇಂಬ್ರಿಜ್ ವಿದ್ಯಾರ್ಥಿಗಳೇ ಸೇರಿ ಕೇಂಬ್ರಿಜ್ ಇಂಟರ್-ಕಾಲೇಜಿಯೇಟ್ ಕ್ರಿಶ್ಚಿಯನ್ ಯೂನಿಯನ್ ಕಟ್ಟಿದರು. 1885ರಲ್ಲಿ ‘ಕೇಂಬ್ರಿಜ್‌ನ ಏಳ್ವರು’ ಎಂದು ಹೆಸರಾದ ತಂಡ ಚೀನಾಕ್ಕೆ ಹಡಗು ಹತ್ತಿತು. ಅವರಲ್ಲೊಬ್ಬ ಇಂಗ್ಲೆಂಡ್ ತಂಡದ ಕ್ರಿಕೆಟ್ ಆಟಗಾರ ಸಿ.ಟಿ. ಸ್ಟಡ್. ಮುಂದೆ ನಮ್ಮ ಗಡಿಯಾಚೆಯ ಊಟಿಯಲ್ಲಿ ಕೆಲವು ವರ್ಷ ಸಭಾಪಾಲಕನಾಗಿದ್ದವನೂ ಅವನೇ. ಅವನ ಅಣ್ಣ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ ಮಾತಾಡಿದ. ಜಾನ್ ಮಾಟ್ ಎಂಬ ವಿದ್ಯಾರ್ಥಿ ಆ ಸಭೆಗೆ ತಡವಾಗಿ ಬಂದು ಬಾಗಿಲಲ್ಲಿ ನಿಂತು ಕೇಳಿದ್ದು ಎರಡು ಮೂರು ವಾಕ್ಯ. ತನಗಾಗಿ ದೊಡ್ಡಸ್ತಿಕೆ ಹುಡುಕಬಾರದೆಂಬ ಆ ಪ್ರವಾದಿ ವಾಕ್ಯ ಅವನನ್ನು ಬಿಡಲಿಲ್ಲ. 1886ರ ಬೇಸಿಗೆಯಲ್ಲಿ ಮಸಾಚುಸೆಟ್ಸ್‌ನ ಮೌಂಟ್ ಹರ್ಮನ್‌ನಲ್ಲಿ ನಡೆದ ವಿದ್ಯಾರ್ಥಿ ಶಿಬಿರದಲ್ಲಿ ಪರದೇಶ ಸೇವೆಗೆ ಹೆಸರು ಕೊಟ್ಟ ನೂರು ಮಂದಿಯಲ್ಲಿ ಮಾಟ್ ಒಬ್ಬ. ಆ ನೂರು ಹೆಸರು ಕೂಡಿಸಲು ಓಡಾಡಿದವನು ರಾಬರ್ಟ್ ವೈಲ್ಡರ್. ಅವನು ಹುಟ್ಟಿದ್ದು ನಮ್ಮ ಬೆಳಗಾವಿಗೆ ಹತ್ತಿರದ ಕೊಲ್ಹಾಪುರದಲ್ಲಿ, ಮಿಷನರಿ ದಂಪತಿಯ ಮಗನಾಗಿ.

1895ರಲ್ಲಿ ಸ್ವೀಡನ್ನಿನ ವಾಡ್‌ಸ್ಟೆನಾ ಕೋಟೆಯಲ್ಲಿ ಆರು ಮಂದಿ ಕುಳಿತು ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟವನ್ನು ಸ್ಥಾಪಿಸಿದರು. ಮತ್ತೆ ಅದೇ ಲೆಕ್ಕ ನೋಡಿ, ಆರು ಮಂದಿ. ಮಾಟ್ ಇಪ್ಪತ್ತೈದು ವರ್ಷ ಅದರ ಪ್ರಧಾನ ಕಾರ್ಯದರ್ಶಿಯಾಗಿ, ಆಮೇಲೆ ಅಧ್ಯಕ್ಷನಾಗಿ ದುಡಿದ. 1946ರಲ್ಲಿ ಅವನಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅವನು ಅಧ್ಯಕ್ಷ ಪದವಿಯಿಂದ ಇಳಿದದ್ದು ಎಲ್ಲಿ ಗೊತ್ತೇ? 1928ರ ಡಿಸೆಂಬರಿನಲ್ಲಿ, ನಮ್ಮ ಮೈಸೂರಿನಲ್ಲಿ. ಒಕ್ಕೂಟದ ಮಹಾಸಮಿತಿ ಆ ವರ್ಷ ಅಲ್ಲಿ ಸೇರಿತ್ತು. ಮೂವತ್ತಮೂರು ವರ್ಷ ವಿದ್ಯಾರ್ಥಿಗಳ ನಡುವೆ ದುಡಿದವನು ತನ್ನ ಹೊಣೆಯನ್ನು ಕಿರಿಯರಿಗೆ ಒಪ್ಪಿಸಿದ ಊರು ಮೈಸೂರು ಎಂಬುದು ನಮ್ಮ ನಗರ ಚರಿತ್ರೆಗಳಲ್ಲಿ ಒಂದು ಸಾಲಾದರೂ ಆಗಬೇಕಿತ್ತು.

ಇಷ್ಟು ಹೇಳಿ ಒಡಕಿನ ವಿಷಯ ಹೇಳದಿದ್ದರೆ ಇತಿಹಾಸದ ಮೇಷ್ಟ್ರಿಗೆ ಮರ್ಯಾದೆಯಲ್ಲ. 1910ರಲ್ಲಿ ಕೇಂಬ್ರಿಜ್‌ನ ಯೂನಿಯನ್ ಬ್ರಿಟನ್ನಿನ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟಿನಿಂದ, ಅಂದರೆ ಎಸ್.ಸಿ.ಎಂ.ನಿಂದ, ಹೊರಗೆ ಬಂತು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಮತ್ತೆ ಒಂದಾಗೋಣವೆಂದು ಎರಡೂ ಕಡೆಯವರು ಕುಳಿತರು. ಯುದ್ಧದಿಂದ ಮರಳಿದ್ದ ನಾರ್ಮನ್ ಗ್ರಬ್ ಎಂಬ ವಿದ್ಯಾರ್ಥಿ ಒಂದೇ ಪ್ರಶ್ನೆ ಕೇಳಿದ: ಶಿಲುಬೆಯ ಮೇಲೆ ಸುರಿದ ಕ್ರಿಸ್ತನ ರಕ್ತ, ಪಾಪನಿವಾರಣೆಯ ಆ ರಕ್ತ, ನಿಮ್ಮ ಸಂದೇಶದ ನಡುಮನೆಯಲ್ಲಿದೆಯೇ? ಒಪ್ಪುತ್ತೇವೆ, ಆದರೆ ಅದೇ ನಡುಮನೆ ಎನ್ನಲಾರೆವು ಎಂಬರ್ಥದ ಉತ್ತರ ಬಂತು. ಮಾತುಕತೆ ಅಲ್ಲಿಗೆ ಮುಗಿಯಿತು. ಬೇರೆ ಬಂದವರು 1928ರಲ್ಲಿ ಇಂಟರ್-ವಾರ್ಸಿಟಿ ಫೆಲೋಶಿಪ್ ಕಟ್ಟಿದರು, 1947ರಲ್ಲಿ ಹಾರ್ವರ್ಡ್‌ನಲ್ಲಿ ಹತ್ತು ದೇಶಗಳ ಸಂಘಗಳು ಸೇರಿ ಐ.ಎಫ್.ಇ.ಎಸ್. ಎಂಬ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು.

ಎರಡೂ ಕವಲು ನಮ್ಮ ದೇಶಕ್ಕೆ ಬಂದವು. ಎಸ್.ಸಿ.ಎಂ. 1912ರಲ್ಲಿ ಬಂತು, ಅದರ ಕೇಂದ್ರ ಕಚೇರಿ ಇಂದು ಬೆಂಗಳೂರಿನ ಮಿಷನ್ ರಸ್ತೆಯಲ್ಲಿದೆ. ಎಂ.ಎಂ. ಥಾಮಸ್ ಅವರಂಥ ಚಿಂತಕರು ಆ ಪರಂಪರೆಯವರು. ಬೆಂಗಳೂರಿನಲ್ಲಿ ಪಿ.ಡಿ. ದೇವಾನಂದನ್ ಅವರ ಜೊತೆ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆಯಲ್ಲಿ ದುಡಿದು, ತುರ್ತುಪರಿಸ್ಥಿತಿಯನ್ನು ಲೇಖನಗಳಲ್ಲಿ ಎದುರಿಸಿ, ಮುಂದೆ ನಾಗಾಲ್ಯಾಂಡಿನ ರಾಜ್ಯಪಾಲರೂ ಆದವರು. ಕೇಂಬ್ರಿಜ್‌ಗೆ ನಂಬಿಕೆಯಿಲ್ಲದೆ ಬಂದು ಎಸ್.ಸಿ.ಎಂ. ಗೆಳೆಯರ ಮೂಲಕ ನಂಬಿಕೆಗೆ ಬಂದ ಲೆಸ್ಲಿ ನ್ಯೂಬಿಗಿನ್ 1936ರಲ್ಲಿ ಮದ್ರಾಸಿಗೆ ಬಂದರು, 1947ರಲ್ಲಿ ದಕ್ಷಿಣ ಭಾರತ ಸಭೆಯ ಮೊದಲ ಬಿಷಪರಲ್ಲಿ ಒಬ್ಬರಾದರು. ಅವರು ವಿದ್ಯಾರ್ಥಿಯಾಗಿದ್ದಾಗ ವೇಲ್ಸ್‌ನ ಕೆಲಸವಿಲ್ಲದ ಗಣಿ ಕಾರ್ಮಿಕರ ನಡುವೆ ಒಂದು ಬೇಸಿಗೆ ಕಳೆದರು. ಒಂದು ರಾತ್ರಿ ಸೋತು ಮಲಗಿದ್ದಾಗ ಭೂಮಿ ಆಕಾಶಗಳನ್ನು ಕೂಡಿಸಿ ನಿಂತ ಶಿಲುಬೆ ಅವರ ಕಣ್ಣಿಗೆ ಕಟ್ಟಿತು. ಸಮಾಜದ ಕಡೆಗೆ ಹೊರಟವರಿಗೆ ದಾರಿಯ ನಡುವೆ ಸಿಕ್ಕಿದ್ದು ಶಿಲುಬೆಯೇ. ಆದ್ದರಿಂದ 1919ರ ಆ ಪ್ರಶ್ನೆಯಲ್ಲಿ ನಾನು ಗ್ರಬ್‌ನ ಪಕ್ಷ, ಅದನ್ನು ಮರೆಮಾಚುವುದಿಲ್ಲ. ಆದರೆ ಆಚೆಯ ಕವಲಿನವರನ್ನು ನಂಬಿಕೆಗೆಟ್ಟವರೆಂದು ನಮ್ಮವರು ಎಷ್ಟೋ ವರ್ಷ ದೂರವಿಟ್ಟದ್ದು ಪಾಪ ಎಂದೂ ಇಲ್ಲೇ ಹೇಳುತ್ತೇನೆ.

ಎರಡನೆಯ ಕವಲು 1954ರಲ್ಲಿ ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ ಎಂಬ ಹೆಸರು ಪಡೆಯಿತು, ಬಾಯಿಮಾತಿನಲ್ಲಿ ಯು.ಇ.ಎಸ್.ಐ. ಅಮೆರಿಕದಿಂದ ಬಂದ ನಾರ್ಟನ್ ಸ್ಟೆರೆಟ್ ಮೊದಮೊದಲು ಕಾಲೇಜಿಂದ ಕಾಲೇಜಿಗೆ ಓಡಾಡಿದರು. ಬಲುಬೇಗ ಹೊಣೆ ಭಾರತೀಯರ ಕೈಗೆ ಬಂತು, ಐವತ್ತರ ದಶಕದಿಂದ ಎಪ್ಪತ್ತರ ಆರಂಭದವರೆಗೆ ಪಿ.ಟಿ. ಚಂದಾಪಿಳ್ಳ ಅದನ್ನು ಬೆಳೆಸಿದರು. ಕಾಲೇಜಿನ ಘಟಕಕ್ಕೆ ಇ.ಯು. ಎನ್ನುತ್ತಾರೆ. ನಮ್ಮ ಹಾಸ್ಟೆಲ್ ಕೋಣೆ ಅಂಥದೊಂದು ಇ.ಯು. ಅದಕ್ಕೆ ರಸೀದಿ ಪುಸ್ತಕವಿರಲಿಲ್ಲ, ಫಲಕವಿರಲಿಲ್ಲ. ನಾಯಕನೆಂದರೆ ಕೊನೆಯ ವರ್ಷದ ವಿದ್ಯಾರ್ಥಿ. ಪೂರ್ಣಾವಧಿ ಕೆಲಸಗಾರರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು, ನಮ್ಮ ಮಂಚದ ಮೇಲೆ ಮಲಗಿ, ನಮ್ಮದೇ ಮೆಸ್ಸಿನಲ್ಲಿ ಉಂಡು, ಬೆಳಿಗ್ಗೆ ಹೋಗುತ್ತಿದ್ದರು. ಅವರ ಸಂಬಳ ಎಲ್ಲಿಂದ ಎಂದು ಆಗ ನಾವು ಕೇಳಿದವರೇ ಅಲ್ಲ. ನನಗೆ ಕೆಲಸ ಸಿಕ್ಕಿ ಮೊದಲ ಸಂಬಳ ಕೈಗೆ ಬಂದಾಗ ಹಿರಿಯ ಪದವೀಧರರೊಬ್ಬರು ಪಕ್ಕದಲ್ಲಿ ಕುಳಿತು, ವಿದ್ಯಾರ್ಥಿಗಳ ಪಾಲು ತೆಗೆದಿಟ್ಟೆಯಾ ಎಂದು ಕೇಳಿದರು. ಆಗ ಗೊತ್ತಾಯಿತು.

ಈಗ ನಂಬಿಕೆಯ ಮಾತು. ಈ ಸಂಘಗಳಿಗೆ ಒಂದು ನಂಬಿಕೆಯ ಪತ್ರವಿದೆ, ಒಂದೇ ಪುಟದ್ದು. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೇಕ ದೇವರು, ಸೃಷ್ಟಿಯಲ್ಲಿಯೂ ನ್ಯಾಯತೀರ್ಪಿನಲ್ಲಿಯೂ ಆತನ ಒಡೆತನ, ಕ್ರಿಸ್ತನ ಪುನರುತ್ಥಾನ, ಆತ ಮತ್ತೆ ಬರುವನೆಂಬ ನಿರೀಕ್ಷೆ, ವಿಶ್ವಾಸಿಗಳೆಲ್ಲ ಸೇರಿ ಒಂದೇ ಸಭೆ. ಇವೆಲ್ಲ ಚರ್ಚಿಗೆ ಹೋಗುವ ಯಾರಿಗೂ ಹೊಸದಲ್ಲ. ಕಾಲೇಜಿನ ಹುಡುಗರ ಎದೆಗೆ ತಾಗುವ ಮಾತುಗಳು ಅದರಲ್ಲಿ ಮೂರು, ಮೂರೂ ಆ ಮಾಳಿಗೆಯ ಕಥೆಯಲ್ಲಿವೆ.

ಮೊದಲನೆಯದು, ಸತ್ಯವೇದ ದೇವರ ಪ್ರೇರಣೆಯಿಂದಾದದ್ದು, ಅದನ್ನು ಪೂರ್ತಿಯಾಗಿ ನಂಬಬಹುದು ಎಂಬುದು. ಹೊರಗಿನವರಿಗೆ ಇದು ಪ್ರಶ್ನೆ ಕೇಳಬೇಡ ಎಂದು ಬಾಯಿ ಮುಚ್ಚಿಸುವ ಮಾತಿನಂತೆ ಕೇಳಿಸುತ್ತದೆ. ನಮ್ಮ ಕೋಣೆಯಲ್ಲಿ ನಡೆದದ್ದು ಬೇರೆ. ನಂಬಬಹುದಾದ ಪುಸ್ತಕವಾದ್ದರಿಂದಲೇ ಒಂದೊಂದು ಪದವನ್ನೂ ಎತ್ತಿ ನೋಡುತ್ತಿದ್ದೆವು. ಇಲ್ಲಿ ಏನು ಬರೆದಿದೆ, ಅದರ ಅರ್ಥವೇನು, ನಾನೀಗ ಏನು ಮಾಡಬೇಕು ಎಂಬ ಮೂರು ಪ್ರಶ್ನೆ ಪ್ರತಿ ವಾರ. ಲೂಕ ಹಂಚು ಎನ್ನುತ್ತಾನೆ, ಮಾರ್ಕ ಅಗೆದರು ಎನ್ನುತ್ತಾನೆ. ಗ್ರೀಕ್ ಪಟ್ಟಣದ ಓದುಗನಿಗಾಗಿ ಲೂಕ ಅವನ ಮನೆಯಂಥದೇ ಚಾವಣಿ ಹಾಕಿಕೊಟ್ಟ ಎಂದು ಎಷ್ಟೋ ವರ್ಷದ ಮೇಲೆ ವ್ಯಾಖ್ಯಾನಗಳಲ್ಲಿ ಓದಿದೆ. ಆ ಎರಡು ಪದಗಳ ನಡುವಿನ ಅಂತರವನ್ನು ಮೊದಲು ಕಂಡವನು ಬಾಗಲಕೋಟೆಯ ರೈತನ ಮಗ. 1831ರಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಇಡೀ ಸತ್ಯವೇದವನ್ನು ಕನ್ನಡದಲ್ಲಿ ಮುಗಿಸಿದಾಗ ಇಂಥ ಓದುಗನೇ ಅವನ ಕಣ್ಣ ಮುಂದೆ ಇದ್ದಿರಬೇಕು.

ಎರಡನೆಯದು, ಎಲ್ಲ ಮನುಷ್ಯರೂ ಪಾಪಿಗಳು ಎಂಬುದು. ಈ ಮಾತನ್ನು ಬೀದಿಯಲ್ಲಿ ನಿಂತು ಇತರರಿಗೆ ಬೈಗುಳದಂತೆ ಹೇಳುವವರನ್ನು ನೋಡಿದ್ದೇನೆ, ನಾಚಿಕೆಪಟ್ಟಿದ್ದೇನೆ. ನಂಬಿಕೆಯ ಪತ್ರದಲ್ಲಿ ‘ಎಲ್ಲ’ ಎಂಬ ಪದ ಇರುವುದು ಹೇಳುವವನನ್ನೂ ಅದರೊಳಗೆ ಸೇರಿಸಲು. ರ‍್ಯಾಂಕ್ ಬಂದವನು, ಫೇಲಾದವನು, ಮೆರಿಟ್ ಸೀಟಿನವನು, ಪೇಮೆಂಟ್ ಸೀಟಿನವನು, ಮೇಲ್ಜಾತಿಯವನು, ಹೊಲಗೇರಿಯಿಂದ ಬಂದವನು, ಭಾನುವಾರ ಚರ್ಚಿಗೆ ಹೋಗುವವನು, ಹೋಗದವನು, ಎಲ್ಲರೂ ಒಂದೇ ಚಾಪೆಯ ಮೇಲೆ. ಅಂಕಪಟ್ಟಿಯಿಂದ ಜಾತಿಪಟ್ಟಿಯಿಂದ ಮನುಷ್ಯರನ್ನು ಏಣಿಯಾಗಿ ನಿಲ್ಲಿಸುವ ಕಾಲೇಜಿನಲ್ಲಿ ಇದು ಎಷ್ಟು ದೊಡ್ಡ ಬಿಡುಗಡೆ ಎಂದು ಅನುಭವಿಸಿದವರಿಗೆ ಗೊತ್ತು.

ಮೂರನೆಯದು ಕೃಪೆ. ಕ್ರಿಸ್ತ ನಮ್ಮ ಪ್ರತಿನಿಧಿಯಾಗಿ, ನಮ್ಮ ಬದಲಿಗೆ ಸತ್ತನು, ನಾವು ನೀತಿವಂತರೆನಿಸಿಕೊಳ್ಳುವುದು ಸ್ವಂತ ಗಳಿಕೆಯಿಂದಲ್ಲ, ನಂಬಿಕೆಯ ಮೂಲಕ ಸಿಗುವ ಕೃಪೆಯಿಂದ. ಇದನ್ನು ಕೋಣೆಯ ಭಾಷೆಯಲ್ಲಿ ಹೇಳುತ್ತೇನೆ. ನನ್ನ ಜೊತೆಗಾರನೊಬ್ಬ ಎರಡನೆಯ ವರ್ಷದಲ್ಲಿ ಮೂರು ವಿಷಯ ಕಳೆದುಕೊಂಡು, ಊರಿಗೆ ಮುಖ ತೋರಿಸಲಾರೆನೆಂದು ಎರಡು ದಿನ ಕೋಣೆಯ ಬಾಗಿಲು ತೆಗೆಯಲಿಲ್ಲ. ಮಂಗಳೂರಿನ ಹುಡುಗ ಹೊರಗಿನ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ರಾತ್ರಿ ಅಲ್ಲೇ ಮಲಗಿದ. ಬಾಗಿಲಿನ ಸಂದಿಯಿಂದ ಮಾತಾಡುತ್ತಿದ್ದ. ಅವನು ಏನು ಬೋಧನೆ ಮಾಡಿದನೆಂದು ಕೇಳಬೇಡಿ, ಹೆಚ್ಚಾಗಿ ಹಾಕಿ ಪಂದ್ಯದ ಸ್ಕೋರು ಹೇಳಿದ. ಮೂರನೆಯ ದಿನ ಬಾಗಿಲು ತೆರೆಯಿತು. ನಿನ್ನ ಬೆಲೆಯನ್ನು ನೀನು ಗಳಿಸಿಲ್ಲ, ಆದ್ದರಿಂದ ಕಳೆದುಕೊಳ್ಳುವುದೂ ಸಾಧ್ಯವಿಲ್ಲ ಎಂಬ ಸುವಾರ್ತೆ ಆ ಚಾಪೆಯಲ್ಲಿತ್ತು. ಇಂದು ಪ್ರವೇಶ ಪರೀಕ್ಷೆಗಳ, ಕ್ಯಾಂಪಸ್ ಸಂದರ್ಶನಗಳ ಒತ್ತಡದಲ್ಲಿ ಮಕ್ಕಳು ಬಾಗಿಲು ಹಾಕಿಕೊಳ್ಳುತ್ತಿರುವಾಗ, ಹೊರಗೆ ಚಾಪೆ ಹಾಸಿಕೊಂಡು ಮಲಗುವವನೊಬ್ಬ ಪ್ರತಿ ಹಾಸ್ಟೆಲಿನಲ್ಲಿ ಇರಲಿ ಎಂದು ನಾನು ದಿನಾ ಪ್ರಾರ್ಥಿಸುತ್ತೇನೆ.

ಇನ್ನು ನೀವು ಮನಸ್ಸಿನಲ್ಲಿಟ್ಟುಕೊಂಡು ಕುಳಿತಿರುವ ಪ್ರಶ್ನೆ, ಮತಾಂತರ. ಸುತ್ತಿ ಬಳಸದೆ ಹೇಳುತ್ತೇನೆ. ಸುವಾರ್ತೆಯನ್ನು ಗೆಳೆಯನಿಗೆ ಹೇಳುವುದು ಈ ಸೇವೆಯ ಉಸಿರು. ಅದನ್ನು ಬಿಟ್ಟು ನಮ್ಮದು ಬರೀ ನೀತಿಬೋಧೆಯ ಸಂಘ ಎಂದು ಹೇಳಿಕೊಂಡರೆ ಅದು ಸುಳ್ಳು, ಸುಳ್ಳು ಹೇಳಿ ಸತ್ಯಕ್ಕೆ ಸಾಕ್ಷಿ ಕೊಡಲಾಗುವುದಿಲ್ಲ. ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮವನ್ನು ನಂಬುವ, ಆಚರಿಸುವ ಹಕ್ಕಿನ ಜೊತೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಆ ಪದ ಇರಬೇಕೇ ಬೇಡವೇ ಎಂದು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಬಿಸಿ ಚರ್ಚೆ ನಡೆಯಿತು. ಇರಲಿ ಎಂದವರಲ್ಲಿ ಟಿ.ಟಿ. ಕೃಷ್ಣಮಾಚಾರಿ ಒಬ್ಬರು. ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದರೂ ತನ್ನನ್ನು ಧರ್ಮ ಬದಲಿಸುವಂತೆ ಯಾರೂ ಯತ್ನಿಸಲಿಲ್ಲ ಎಂದು ಅವರು ಸಭೆಗೆ ಹೇಳಿದರು. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕಿನೊಳಗೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದಿತು. ನಮ್ಮ ರಾಜ್ಯದಲ್ಲಿ 2022ರಲ್ಲಿ ಮತಾಂತರ ತಡೆಯುವ ಕಾಯಿದೆ ಬಂತು, 2023ರಲ್ಲಿ ಅದನ್ನು ರದ್ದುಮಾಡಲು ಸಚಿವ ಸಂಪುಟ ತೀರ್ಮಾನಿಸಿತು.

ಕಾನೂನಿನ ವಾದ ವಕೀಲರಿಗೆ ಬಿಡುತ್ತೇನೆ. ನಂಬಿಕೆಯ ಒಳಗಿನಿಂದ ನೋಡಿದರೂ, ಒಬ್ಬ ಮನುಷ್ಯ ಇನ್ನೊಬ್ಬನನ್ನು ಪರಿವರ್ತಿಸಲಾರ. ಹೊಸ ಹುಟ್ಟು ಪವಿತ್ರಾತ್ಮನ ಕೆಲಸ ಎಂದು ಅದೇ ನಂಬಿಕೆಯ ಪತ್ರ ಹೇಳುತ್ತದೆ. ಹಾಗಿರುವಾಗ ಆಮಿಷ ಒಡ್ಡುವವನು, ಹೆದರಿಸುವವನು, ತಲೆ ಎಣಿಸಿ ವರದಿ ಬರೆಯುವವನು ತನ್ನ ನಂಬಿಕೆಯನ್ನೇ ಅಲ್ಲಗಳೆಯುತ್ತಾನೆ. ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಬಿ.ಎ. ಕೊನೆಯ ವರ್ಷದಲ್ಲಿ ಸಹಪಾಠಿಯೊಬ್ಬನ ತಂದೆ ತೀರಿಕೊಂಡರು. ಊರಿಂದ ಮರಳಿ ಬಂದ ದಿನವೇ ಅವನ ಕೈಗೆ ಒಂದು ಕರಪತ್ರ ಇಟ್ಟೆ, ಮರಣದ ಆಚೆ ಏನಿದೆ ಎಂಬ ವಿಷಯದ್ದು. ಅವನ ತಲೆ ಬೋಳಿಸಿತ್ತು, ಕಣ್ಣು ಊದಿಕೊಂಡಿತ್ತು. ಕರಪತ್ರವನ್ನು ಓದದೆ, ಹರಿಯದೆ, ಎರಡು ಮಡಿಕೆ ಮಾಡಿ ನನ್ನ ಜೇಬಿನಲ್ಲೇ ಇಟ್ಟು ಹೋದ. ಆ ವರ್ಷ ಮುಗಿಯುವವರೆಗೆ ನನ್ನೊಡನೆ ಮಾತಾಡಲಿಲ್ಲ. ಬರೆದದ್ದು ಸುಳ್ಳಾಗಿರಲಿಲ್ಲ. ನಾನು ಅವನ ಜೊತೆ ಮಸಣದವರೆಗೆ ನಡೆದಿರಲಿಲ್ಲ, ಅದು ತಪ್ಪಾಗಿತ್ತು. 1910ರಲ್ಲಿ ಎಡಿನ್‌ಬರೊದ ಮಿಷನರಿ ಸಮ್ಮೇಳನದಲ್ಲಿ ವಿ.ಎಸ್. ಅಜರಯ್ಯ ಎಂಬ ತಮಿಳು ತರುಣ ಪಾಶ್ಚಾತ್ಯ ಮಿಷನರಿಗಳ ಮುಖಕ್ಕೆ ಮುಖ ಕೊಟ್ಟು, ನೀವು ತ್ಯಾಗ ಮಾಡಿದ್ದೀರಿ, ಈಗ ನಮಗೆ ಬೇಕಾದದ್ದು ನಿಮ್ಮ ಪ್ರೀತಿ, ನಿಮ್ಮ ಗೆಳೆತನ ಎಂಬರ್ಥದ ಮಾತಾಡಿದರು. ಅದು ನನಗೂ ಹೇಳಿದ ಮಾತು.

ನಂಬುವವರು ತೆರುವ ಬೆಲೆಯನ್ನೂ ಮರೆಯಬಾರದು. 1950ರ ರಾಷ್ಟ್ರಪತಿ ಆದೇಶದಂತೆ, ಪರಿಶಿಷ್ಟ ಜಾತಿಯ ವಿದ್ಯಾರ್ಥಿ ಕ್ರಿಸ್ತನನ್ನು ಅನುಸರಿಸಿದರೆ ಆ ಪಟ್ಟಿಯಿಂದ ಹೊರಬೀಳುತ್ತಾನೆ. ಆಮಿಷದ ಮಾತಾಡುವವರು ಈ ಲೆಕ್ಕವನ್ನೂ ಒಮ್ಮೆ ನೋಡಲಿ.

ವಿದ್ಯಾರ್ಥಿ ಸಂಘದ ಒಂದು ವಿಚಿತ್ರ ಅದರ ಆಯಸ್ಸು. ಚರ್ಚಿನಲ್ಲಿ ಮೂರು ತಲೆಮಾರು ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುತ್ತದೆ. ಇಲ್ಲಿ ಮೂರು ವರ್ಷಕ್ಕೆ ಎಲ್ಲರೂ ಹೊಸಬರು. ಕಲಿಸಿದವರು ಹೊರಟುಹೋಗುತ್ತಾರೆ, ಕಲಿತವರೂ ಹೊರಟುಹೋಗುತ್ತಾರೆ. ಪ್ರತಿ ಜೂನಿನಲ್ಲಿ ಸೊನ್ನೆಯಿಂದ ಶುರು. ದುಡ್ಡಿಲ್ಲದ, ಕಟ್ಟಡವಿಲ್ಲದ ಈ ಕೆಲಸ ಮೂರು ವರ್ಷದಲ್ಲಿ ಮುಗಿದುಹೋಗಬೇಕಿತ್ತು. ಮುಗಿದಿಲ್ಲ. ಮಂಗಳೂರಿನ ಹುಡುಗ ಹಾಸ್ಟೆಲ್ ಬಿಡುವಾಗ ಒಂದು ಇನ್ನೂರು ಪುಟದ ನೋಟುಪುಸ್ತಕ ಕೊಟ್ಟುಹೋಗಿದ್ದ. ಅದರಲ್ಲಿ ಹಿಂದಿನ ನಾಲ್ಕು ತಂಡಗಳು ಪ್ರಾರ್ಥಿಸಿದ ಹೆಸರುಗಳು, ಬೇರೆ ಬೇರೆ ಕೈಬರಹದಲ್ಲಿ. ನನ್ನ ಹೆಸರು ನಾನು ಕಾಲೇಜಿಗೆ ಸೇರಿದ ಎರಡನೆಯ ವಾರದಲ್ಲೇ ಅಲ್ಲಿತ್ತು. ಯಾರು ಬರೆದದ್ದೆಂದು ಇಂದಿಗೂ ತಿಳಿಯದು.

ಬಾಗಲಕೋಟೆಯ ಗೆಳೆಯ ಕ್ರೈಸ್ತನಾದನೇ ಎಂದು ನಿಮ್ಮಲ್ಲಿ ಕೆಲವರಿಗೆ ಕೇಳಬೇಕೆನಿಸಿರಬಹುದು. ಆಗಲಿಲ್ಲ. ಅವನ ಕೊರಳಲ್ಲಿ ಇಂದಿಗೂ ಲಿಂಗವಿದೆ. ಬೇಸಾಯ ನೋಡಿಕೊಳ್ಳುತ್ತಾನೆ, ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಅವನಿಗೂ ನನಗೂ ನಲವತ್ತು ವರ್ಷದ ಗೆಳೆತನ, ಅವನಿಗಾಗಿ ನಾನು ಪ್ರಾರ್ಥಿಸುತ್ತೇನೆಂದು ಅವನಿಗೆ ಗೊತ್ತು. ಹೋದ ವರ್ಷ ಮಳೆಗಾಲಕ್ಕೆ ಮೊದಲು ಫೋನ್ ಮಾಡಿದ್ದ. ಹಳೆಯ ಮಾಳಿಗೆ ತೆಗೆಸಿ ಆರ್‌ಸಿಸಿ ಹಾಕಿಸುತ್ತಿದ್ದಾನಂತೆ. ಫೋಟೋ ಕಳಿಸಿದ. ಅಂಗಳದಲ್ಲಿ ಒರಗಿಸಿದ ತೊಲೆಗಳು, ಒಂದು ಮೂಲೆಯಲ್ಲಿ ಜಂತೆಗಳ ರಾಶಿ, ಆಳೆತ್ತರ ಮಣ್ಣು. ಅದನ್ನೆಲ್ಲ ಕೀಳಲು ಎಂಟು ಆಳಿಗೆ ಎರಡು ದಿನ ಹಿಡಿಯಿತು ಎಂದ. ಆಮೇಲೆ ಕೇಳಿದ: “ಅಲ್ಲೋ, ಆ ನಾಲ್ಕು ಮಂದಿ ಹೆಸರು ಎಲ್ಲೆರ ಬರದೈತೇನು?”

ಇಲ್ಲ, ಯಾವ ಸುವಾರ್ತೆಯಲ್ಲೂ ಇಲ್ಲ ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. “ರಿಪೇರಿ ಮಾಡಿಸಿದವರ ಹೆಸರೂ ಇಲ್ಲ ಬಿಡು” ಎಂದು ಹೇಳಿ, ಆಳುಗಳು ಕರೆಯುತ್ತಿದ್ದಾರೆಂದು ಫೋನ್ ಇಟ್ಟ.